ಮಾಜಿ ಸೈನಿಕರ ವಾಹನ: ಪರವಾನಗಿಯಲ್ಲಿದೆ ನಿಜವಾದ ಸೌಲಭ್ಯ, ತೆರಿಗೆಯಲ್ಲಿದೆ ತಪ್ಪು ತಿಳಿವಳಿಕೆ

ಕೆರೆಬಿಳಚಿ (ಚನ್ನಗಿರಿ ತಾಲ್ಲೂಕು): ಸೇನೆಯಲ್ಲಿ ಹದಿನೈದು, ಇಪ್ಪತ್ತು ವರ್ಷ ದುಡಿದು ಊರಿಗೆ ಮರಳುವ ಯೋಧನ ಕೈಯಲ್ಲಿ ಸಾಮಾನ್ಯವಾಗಿ ಎರಡು ಸಂಗತಿಗಳಿರುತ್ತವೆ. ಒಂದು, ಭಾರಿ ಲಾರಿಯನ್ನು ಬೆಟ್ಟದ ದಾರಿಯಲ್ಲಿ ಓಡಿಸಿದ ಅನುಭವ. ಇನ್ನೊಂದು, ಕೊನೆಯ ಬಾರಿ ನಿಯೋಜನೆಗೊಂಡ ಊರಿನಲ್ಲಿ ಕೊಂಡ ಹೊರರಾಜ್ಯದ ನೋಂದಣಿಯ ಕಾರು ಅಥವಾ ಬೈಕು. ಈ ಎರಡನ್ನೂ ಊರಿನ ಬದುಕಿಗೆ ಹೊಂದಿಸಿಕೊಳ್ಳಲು ಹೊರಟಾಗ ಕಾನೂನು ಎದುರಾಗುತ್ತದೆ. ‘ಮಿಲಿಟರಿಯವರಿಗೆ ರಸ್ತೆ ತೆರಿಗೆ ಇಲ್ಲ’, ‘ಮಿಲಿಟರಿ ಲೈಸೆನ್ಸ್ ಇದ್ದರೆ ಬೇರೆ ಲೈಸೆನ್ಸ್ ಬೇಡ’, ‘ಟೋಲ್ ಕಟ್ಟಬೇಕಾಗಿಲ್ಲ’ ಎಂಬ ಮಾತುಗಳು ಊರೂರುಗಳಲ್ಲಿ ಚಾಲ್ತಿಯಲ್ಲಿವೆ. ಇವುಗಳಲ್ಲಿ ಯಾವುದೂ ಪೂರ್ಣ ಸತ್ಯವಲ್ಲ. ಯಾವುದೂ ಪೂರ್ಣ ಸುಳ್ಳೂ ಅಲ್ಲ.

ಸೂಳೆಕೆರೆಯ ಸಮೀಪದ ಕೆರೆಬಿಳಚಿಯಂತಹ ಊರುಗಳಲ್ಲಿ ಈ ಪ್ರಶ್ನೆಗೆ ಜೀವನೋಪಾಯದ ಮಹತ್ವವಿದೆ. ಚನ್ನಗಿರಿ ತಾಲ್ಲೂಕು ಅಡಿಕೆಗೆ ಹೆಸರಾದುದು. ಅಡಿಕೆ, ಭತ್ತ ಸಾಗಿಸುವ ಗೂಡ್ಸ್ ವಾಹನ, ಟಿಪ್ಪರ್, ಶಾಲಾ ವಾಹನ, ಬಾಡಿಗೆ ಕಾರು ಇಲ್ಲಿ ನಿವೃತ್ತ ಯೋಧನಿಗೆ ಸುಲಭವಾಗಿ ಒದಗಬಹುದಾದ ಎರಡನೇ ವೃತ್ತಿಗಳು. ಆದರೆ ಸರಿಯಾದ ಪರವಾನಗಿ ಇಲ್ಲದಿದ್ದರೆ ಆ ಅನುಭವಕ್ಕೆ ಕಾನೂನಿನ ಬೆಲೆ ಇಲ್ಲ. ಒಂದು ಅಪಘಾತ ಸಂಭವಿಸಿದರೆ ಪಿಂಚಣಿ, ಉಳಿತಾಯ ಎರಡೂ ಪರಿಹಾರದ ಮೊತ್ತಕ್ಕೆ ಹೋಗುವ ಅಪಾಯವಿದೆ. ಮಾಜಿ ಸೈನಿಕರಿಗೆ ಮೋಟಾರು ವಾಹನ ಕಾನೂನಿನಲ್ಲಿ ಏನಿದೆ, ಏನಿಲ್ಲ ಎಂಬುದರ ವಿವರ ಇಲ್ಲಿದೆ.

ಮಿಲಿಟರಿ ಲೈಸೆನ್ಸ್ ಎಂದರೇನು?

1988ರ ಮೋಟಾರು ವಾಹನಗಳ ಕಾಯ್ದೆಯ 18ನೇ ಕಲಂ ಸೇನಾ ಚಾಲಕರಿಗೆಂದೇ ಮೀಸಲಾಗಿದೆ. ಕೇಂದ್ರ ಸರ್ಕಾರದ ಒಡೆತನದಲ್ಲಿರುವ ಅಥವಾ ಅದರ ಪೂರ್ಣ ಸುಪರ್ದಿನಲ್ಲಿರುವ, ದೇಶದ ರಕ್ಷಣಾ ಕಾರ್ಯಕ್ಕೆ ಬಳಸುವ, ವಾಣಿಜ್ಯ ಉದ್ದೇಶಕ್ಕೆ ಸಂಬಂಧಿಸದ ವಾಹನಗಳನ್ನು ಓಡಿಸಲು, 18 ವರ್ಷ ತುಂಬಿದವರಿಗೆ ನಿಗದಿತ ಪ್ರಾಧಿಕಾರವು ಪರವಾನಗಿ ನೀಡಬಹುದು. ಅದು ದೇಶದಾದ್ಯಂತ ಸಿಂಧು. ಜನರ ಬಾಯಲ್ಲಿ ‘ಮಿಲಿಟರಿ ಲೈಸೆನ್ಸ್’ ಎಂದು ಕರೆಯಲಾಗುವುದು ಇದೇ. ಬೆಂಗಳೂರಿನಲ್ಲಿರುವ ಆರ್ಮಿ ಸರ್ವೀಸ್ ಕೋರ್ ಕೇಂದ್ರದಂತಹ ಸ್ಥಳಗಳಲ್ಲಿ ತರಬೇತಿ ಪಡೆದ ಚಾಲಕರು ಸೇವೆಯುದ್ದಕ್ಕೂ ವಾಹನ ಓಡಿಸುವುದು ಇಂತಹ ಪರವಾನಗಿಯ ಆಧಾರದ ಮೇಲೆ.

ಆದರೆ ಅದೇ ಕಲಂನ 3ನೇ ಉಪಕಲಂ ಸ್ಪಷ್ಟವಾಗಿದೆ. ಈ ಪರವಾನಗಿ ಹೊಂದಿದವರು ಮೇಲೆ ಹೇಳಿದ ಬಗೆಯ ವಾಹನಗಳನ್ನು ಬಿಟ್ಟು ಬೇರಾವ ವಾಹನವನ್ನೂ ಅದರ ಬಲದಿಂದ ಓಡಿಸುವಂತಿಲ್ಲ. ಅಂದರೆ ಸೇನೆಯ ಮೂರು ಟನ್ ಲಾರಿಯನ್ನು ಓಡಿಸಿದ ಯೋಧ, ರಜೆಯ ಮೇಲೆ ಊರಿಗೆ ಬಂದು ಅಣ್ಣನ ಬೈಕ್ ಓಡಿಸಲು ಅದು ಸಾಲದು. ಸೇವೆಯಲ್ಲಿರುವವರಿಗೂ ಸ್ವಂತ ವಾಹನಕ್ಕೆ ಪ್ರಾದೇಶಿಕ ಸಾರಿಗೆ ಕಚೇರಿ ನೀಡಿದ ಪರವಾನಗಿ ಬೇಕು. ನಿವೃತ್ತರಿಗಂತೂ ಹೇಳಬೇಕಾದುದೇ ಇಲ್ಲ.

ಈ ನಿಯಮ ತಿಳಿಯದೆ ಖಾಸಗಿ ವಾಹನ ಓಡಿಸಿ ಅಪಘಾತವಾದರೆ, ಚಾಲಕನಿಗೆ ಸೂಕ್ತ ಪರವಾನಗಿ ಇರಲಿಲ್ಲ ಎಂದು ವಿಮಾ ಕಂಪನಿ ನ್ಯಾಯಮಂಡಳಿಯ ಮುಂದೆ ವಾದಿಸಲು ಅವಕಾಶವಿದೆ. ಗಾಯಗೊಂಡವರಿಗೆ ಕಂಪನಿಯೇ ಮೊದಲು ಪರಿಹಾರ ಕೊಟ್ಟರೂ, ಆ ಹಣವನ್ನು ವಾಹನದ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶವಾದ ಪ್ರಕರಣಗಳು ನ್ಯಾಯಾಲಯಗಳಲ್ಲಿ ಸಾಮಾನ್ಯ. ಆದ್ದರಿಂದ ಸ್ಥಳದಲ್ಲಿ ಕಟ್ಟುವ ದಂಡಕ್ಕಿಂತ ಈ ಹೊಣೆ ಬಹಳ ದೊಡ್ಡದು.

ಪರೀಕ್ಷೆಯಿಂದ ವಿನಾಯಿತಿ

ಇನ್ನು ಸೌಲಭ್ಯದ ಭಾಗ. ಪರವಾನಗಿ ಪಡೆಯುವ ವಿಧಾನವನ್ನು ವಿವರಿಸುವ 9ನೇ ಕಲಂನ 3ನೇ ಉಪಕಲಂ ಪ್ರಕಾರ ಅರ್ಜಿದಾರರು ವಾಹನ ಓಡಿಸಿ ತೋರಿಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆದರೆ ಕೆಲವರಿಗೆ ಈ ಪರೀಕ್ಷೆ ಬೇಕಿಲ್ಲ ಎಂದು ಅದೇ ಉಪಕಲಂ ಹೇಳುತ್ತದೆ. ಆ ಪಟ್ಟಿಯಲ್ಲಿ, 18ನೇ ಕಲಂ ಅನ್ವಯ ಅದೇ ವರ್ಗದ ವಾಹನಕ್ಕೆ ಪರವಾನಗಿ ಹೊಂದಿರುವವರು ಅಥವಾ ಹಿಂದೆ ಹೊಂದಿದ್ದವರು ಸೇರಿದ್ದಾರೆ.

ಇಲ್ಲಿ ಗಮನಿಸಬೇಕಾದ ಮೂರು ಅಂಶಗಳಿವೆ.

ಮೊದಲನೆಯದು, ‘ಅದೇ ವರ್ಗ’ ಎಂಬ ಮಾತು. ಸೇನೆಯಲ್ಲಿ ಭಾರಿ ವಾಹನದ ಪರವಾನಗಿ ಇದ್ದರೆ ಭಾರಿ ವಾಹನಕ್ಕೆ, ಲಘು ವಾಹನದ್ದಿದ್ದರೆ ಲಘು ವಾಹನಕ್ಕೆ ಮಾತ್ರ ವಿನಾಯಿತಿ. ಸೇನಾ ಪರವಾನಗಿಯಲ್ಲಿ ಮೋಟಾರ್ ಸೈಕಲ್ ನಮೂದಾಗಿಲ್ಲದಿದ್ದರೆ ಬೈಕಿಗೆ ಎಲ್ಲರಂತೆ ಪರೀಕ್ಷೆ ಕೊಡಬೇಕು.

ಎರಡನೆಯದು, ‘ಹಿಂದೆ ಹೊಂದಿದ್ದವರು’ ಎಂಬ ಮಾತು. ಸಾಮಾನ್ಯ ಪರವಾನಗಿಯ ಅವಧಿ ಮುಗಿದು ಹೊಸದಾಗಿ ಅರ್ಜಿ ಹಾಕುವವರಿಗೆ ಇದೇ ಉಪಕಲಂ ಐದು ವರ್ಷಗಳ ಮಿತಿ ಹಾಕಿದೆ. ಸೇನಾ ಪರವಾನಗಿಯ ವಿಷಯದಲ್ಲಿ ಅಂತಹ ವರ್ಷಗಳ ಮಿತಿಯನ್ನು ಅದು ಹೇಳಿಲ್ಲ. ಆದರೆ ವರ್ಷಗಳು ಉರುಳಿದಂತೆ ಪರವಾನಗಿ ಪುಸ್ತಿಕೆ ಕಳೆದುಹೋಗುತ್ತದೆ, ಘಟಕ ಬೇರೆಡೆಗೆ ಹೋಗುತ್ತದೆ, ದಾಖಲೆ ಹುಡುಕುವುದು ಕಷ್ಟವಾಗುತ್ತದೆ. ಹಕ್ಕು ಕಾಗದದಲ್ಲಿ ಉಳಿದಿದ್ದರೂ ಅದನ್ನು ಸಾಬೀತುಪಡಿಸುವ ಕಾಗದವೇ ಇಲ್ಲವಾಗುತ್ತದೆ.

ಮೂರನೆಯದು, ವಿನಾಯಿತಿ ಇರುವುದು ಚಾಲನಾ ಪರೀಕ್ಷೆಗೆ ಮಾತ್ರ. ಅರ್ಜಿ, ಶುಲ್ಕ, ವಿಳಾಸ ಹಾಗೂ ವಯಸ್ಸಿನ ದಾಖಲೆ ಎಲ್ಲರಿಗೂ ಇರುವಂತೆಯೇ ಇವೆ. ಸಾರ್ವಜನಿಕರಿಗೆ ಅಪಾಯ ತರಬಹುದಾದ ದೈಹಿಕ ದೋಷ ಇರಬಾರದು ಎಂಬ ಷರತ್ತೂ ಇದೆ. ಅದಕ್ಕಾಗಿ ವೈದ್ಯಕೀಯ ಪ್ರಮಾಣಪತ್ರ ಕೇಳುವ ಅಧಿಕಾರ ಕಚೇರಿಗಿದೆ. ಸಾರಿಗೆ ವಾಹನದ ಪರವಾನಗಿ ಬಯಸುವವರು ಮತ್ತು 40 ವರ್ಷ ದಾಟಿದವರು ವೈದ್ಯರ ಪ್ರಮಾಣಪತ್ರವನ್ನು ಹೇಗೂ ಸಲ್ಲಿಸಬೇಕು. ಬಹುತೇಕ ಯೋಧರು ನಿವೃತ್ತರಾಗುವ ವಯಸ್ಸು ಇದೇ ಆಸುಪಾಸಿನಲ್ಲಿರುತ್ತದೆ.

ಅಗ್ನಿವೀರರಿಗೂ ಅನ್ವಯ

ಈ ವಿನಾಯಿತಿಯ ಇನ್ನೊಂದು ಗುಣ ಹೆಚ್ಚು ಚರ್ಚೆಯಾಗಿಲ್ಲ. ಕಾಯ್ದೆ ಕೇಳುವುದು ‘ನೀವು ಮಾಜಿ ಸೈನಿಕರೇ?’ ಎಂದಲ್ಲ, ‘ನಿಮ್ಮಲ್ಲಿ 18ನೇ ಕಲಂನ ಪರವಾನಗಿ ಇತ್ತೇ?’ ಎಂದು ಮಾತ್ರ.

2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಡಿ ಸೇರಿದವರ ಸೇವಾವಧಿ ನಾಲ್ಕು ವರ್ಷ. ಪ್ರತಿ ತಂಡದಲ್ಲಿ ಶೇ 25ರಷ್ಟು ಮಂದಿಯನ್ನು ಮಾತ್ರ ಕಾಯಂ ಸೇವೆಗೆ ತೆಗೆದುಕೊಳ್ಳಲು ಯೋಜನೆಯಲ್ಲಿ ಅವಕಾಶ ಮಾಡಲಾಗಿತ್ತು. ಹೊರಬರುವವರಿಗೆ ಪಿಂಚಣಿ ಇಲ್ಲ. ಮಾಜಿ ಸೈನಿಕ ಎಂಬ ಸ್ಥಾನಮಾನವಾಗಲಿ, ಕ್ಯಾಂಟೀನ್ ಸೌಲಭ್ಯವಾಗಲಿ ಇಲ್ಲ. ಆದರೆ ಅವರಲ್ಲಿ ಚಾಲಕರಾಗಿ ತರಬೇತಿ ಪಡೆದು ಸೇನಾ ಪರವಾನಗಿ ಹೊಂದಿದ್ದವರಿಗೆ ಚಾಲನಾ ಪರೀಕ್ಷೆಯ ವಿನಾಯಿತಿ ಲಭ್ಯ. ಇಪ್ಪತ್ತೆರಡು, ಇಪ್ಪತ್ತಮೂರರ ಹರೆಯದಲ್ಲಿ ಊರಿಗೆ ಮರಳುವ ಯುವಕನಿಗೆ ಇದು ಸಣ್ಣ ಆಸರೆಯಲ್ಲ. ಸಾರಿಗೆ ವಾಹನ ಓಡಿಸಲು ಕಾಯ್ದೆ ಬಯಸುವ ಕನಿಷ್ಠ ವಯಸ್ಸು 20. ಅದನ್ನು ಆತ ಆಗಲೇ ದಾಟಿರುತ್ತಾನೆ.

ಅರ್ಜಿ ಎಲ್ಲಿ, ಯಾವಾಗ?

2019ರ ತಿದ್ದುಪಡಿಯ ನಂತರ ಅರ್ಜಿದಾರರು ತಾವು ವಾಸಿಸುವ ರಾಜ್ಯದ ಯಾವುದೇ ಪರವಾನಗಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ವಾಹನ ನೋಂದಣಿಗೂ ಇದೇ ನಿಯಮ. ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ನಂತರ ಈ ಭಾಗದ ವಾಹನಗಳಿಗೆ ಕೆಎ–14ರ ಬದಲು ಕೆಎ–17 ಬಂತು. ಈಗ ಕೆರೆಬಿಳಚಿಯ ನಿವಾಸಿ ದಾವಣಗೆರೆ ಅಥವಾ ಶಿವಮೊಗ್ಗ, ಯಾವುದು ಅನುಕೂಲವೋ ಅಲ್ಲಿಗೆ ಹೋಗಬಹುದು. ಅರ್ಜಿಯನ್ನು ಮೊದಲು ಕೇಂದ್ರ ಸರ್ಕಾರದ ‘ಸಾರಥಿ’ ಜಾಲತಾಣದಲ್ಲಿ ಭರ್ತಿ ಮಾಡಬೇಕು. ಸೇನಾ ಪರವಾನಗಿ ಇದೆ ಎಂಬುದನ್ನು ಆಗಲೇ ನಮೂದಿಸುವುದು ಒಳಿತು. ಸಾಮಾನ್ಯ ಅರ್ಜಿಯಾಗಿ ಒಮ್ಮೆ ಮುಂದೆ ಹೋದರೆ ಪರೀಕ್ಷೆಗೆ ದಿನ ನಿಗದಿಯಾಗುತ್ತದೆ. ನಂತರ ತಿದ್ದಿಸಲು ಓಡಾಟ ಹೆಚ್ಚು.

ಸೇವೆಯಲ್ಲಿ ಇರುವಾಗಲೇ ಊರಿನ ವಿಳಾಸದಲ್ಲಿ ಲಘು ವಾಹನದ ಪರವಾನಗಿ ಪಡೆದವರೂ ಅನೇಕರಿದ್ದಾರೆ. ಅಂಥವರು ಭಾರಿ ವಾಹನದ ವರ್ಗವನ್ನು ಸೇರಿಸಲು 11ನೇ ಕಲಂ ಅಡಿ ಅರ್ಜಿ ಹಾಕಬೇಕು. ಅದಕ್ಕೂ 9ನೇ ಕಲಂನ ನಿಯಮಗಳೇ ಅನ್ವಯವಾಗುವುದರಿಂದ ಸೇನೆಯ ಭಾರಿ ವಾಹನ ಪರವಾನಗಿ ಅಲ್ಲಿಯೂ ನೆರವಿಗೆ ಬರುತ್ತದೆ.

ಇವರು ನವೀಕರಣದ ದಿನಾಂಕ ಮರೆಯಬಾರದು. ಅವಧಿ ಮುಗಿದ ಮೇಲೆ ಇದ್ದ 30 ದಿನಗಳ ವಿನಾಯಿತಿ 2019ರಲ್ಲಿ ರದ್ದಾಗಿದೆ. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ, ಮುಗಿದ ಒಂದು ವರ್ಷದೊಳಗೆ ನವೀಕರಿಸಬಹುದು. ಅವಧಿ ಮುಗಿದ ದಿನದಿಂದ ನವೀಕರಣದವರೆಗೆ ವಾಹನ ಓಡಿಸುವಂತಿಲ್ಲ. ಒಂದು ವರ್ಷ ಮೀರಿದರೆ ಮತ್ತೆ ಪರೀಕ್ಷೆ. ಗಡಿಯಲ್ಲಿ ಇರುವವರಿಗೆ ರಜೆ ಸಿಗುವುದು ಅಪರೂಪವಾದ್ದರಿಂದ, ಒಂದು ವರ್ಷ ಮೊದಲೇ ನವೀಕರಿಸುವ ಅವಕಾಶವನ್ನು ಬಳಸಿಕೊಳ್ಳುವುದು ಜಾಣತನ.

ಪರವಾನಗಿ ಎಷ್ಟು ಕಾಲ ಸಿಂಧು ಎಂಬುದೂ ವಯಸ್ಸಿನ ಮೇಲೆ ನಿಂತಿದೆ. 30 ವರ್ಷದೊಳಗೆ ಪಡೆದರೆ 40 ತುಂಬುವವರೆಗೆ. 30ರಿಂದ 50ರ ನಡುವೆ ಪಡೆದರೆ ಹತ್ತು ವರ್ಷ. 50ರಿಂದ 55ರ ನಡುವೆ ಪಡೆದರೆ 60 ತುಂಬುವವರೆಗೆ. 55ರ ನಂತರ ಐದು ವರ್ಷ. ಸಾರಿಗೆ ವಾಹನದ ಪರವಾನಗಿ ಮಾತ್ರ ಯಾವ ವಯಸ್ಸಿನಲ್ಲಿ ಪಡೆದರೂ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು.

ಗೂಡ್ಸ್ ವಾಹನಕ್ಕೆ ಯಾವ ಪರವಾನಗಿ?

ಊರಿನಲ್ಲಿ ಸಣ್ಣ ಗೂಡ್ಸ್ ವಾಹನ ಅಥವಾ ಟ್ಯಾಕ್ಸಿ ಇಟ್ಟುಕೊಳ್ಳಬಯಸುವವರಿಗೆ ಸುಪ್ರೀಂ ಕೋರ್ಟ್‌ನ ಒಂದು ತೀರ್ಪು ಮುಖ್ಯ. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಲಘು ಮೋಟಾರು ವಾಹನದ ಪರವಾನಗಿ ಹೊಂದಿದವರು 7,500 ಕೆ.ಜಿ.ಗಿಂತ ಕಡಿಮೆ ಒಟ್ಟು ತೂಕದ ಸಾರಿಗೆ ವಾಹನವನ್ನೂ ಓಡಿಸಬಹುದು, ಪ್ರತ್ಯೇಕ ಅನುಮತಿ ಬೇಕಿಲ್ಲ ಎಂದು ತೀರ್ಪು ನೀಡಿತು. 2017ರ ಮೂವರು ನ್ಯಾಯಮೂರ್ತಿಗಳ ತೀರ್ಪನ್ನು ಅದು ಎತ್ತಿಹಿಡಿಯಿತು. ಹೀಗಾಗಿ ಅಡಿಕೆ ಚೀಲ ಸಾಗಿಸುವ ಪಿಕಪ್ ವಾಹನಕ್ಕೆ ಲಘು ವಾಹನದ ಪರವಾನಗಿ ಸಾಕು. ಲಾರಿ, ಬಸ್, ದೊಡ್ಡ ಟಿಪ್ಪರ್‌ಗೆ ಸಾಲದು.

ಬಸ್ ಚಾಲಕರ ಹುದ್ದೆಗೆ ಪ್ರಯತ್ನಿಸುವವರಿಗೆ ಭಾರಿ ವಾಹನದ ಪರವಾನಗಿಯ ಜೊತೆಗೆ ಕರ್ನಾಟಕದ ಬ್ಯಾಡ್ಜ್ ಕೂಡ ಬೇಕಾಗುತ್ತದೆ. ರಾಜ್ಯದ ಸರ್ಕಾರಿ ನೇಮಕಾತಿಗಳಲ್ಲಿ ಮಾಜಿ ಸೈನಿಕರಿಗೆ ಶೇ 10ರ ಮೀಸಲಾತಿ ಇದೆ. ಅಧಿಸೂಚನೆ ಹೊರಟ ಮೇಲೆ ಪರವಾನಗಿಗೆ ಓಡಾಡಿದರೆ ಅರ್ಜಿಯ ಕೊನೆಯ ದಿನ ದಾಟಿ ಹೋಗುತ್ತದೆ. ಸಾರಿಗೆ ವಾಹನ ಚಾಲಕರಿಗೆ ಹಿಂದೆ ಇದ್ದ ಎಂಟನೇ ತರಗತಿ ಉತ್ತೀರ್ಣ ಎಂಬ ನಿಬಂಧನೆಯನ್ನು ಕೇಂದ್ರ ಸರ್ಕಾರ 2019ರಲ್ಲಿ ತೆಗೆದುಹಾಕಿದೆ. ಆದರೆ ಹುದ್ದೆಗೆ ನಿಗದಿಪಡಿಸುವ ವಿದ್ಯಾರ್ಹತೆ ಬೇರೆ. ಅದನ್ನು ಆಯಾ ಅಧಿಸೂಚನೆಯಲ್ಲಿಯೇ ನೋಡಬೇಕು.

ರಸ್ತೆ ತೆರಿಗೆ: ಇರುವುದೇನು, ಇಲ್ಲದ್ದೇನು?

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ರಸ್ತೆ ತೆರಿಗೆ ರಾಜ್ಯದ ವಿಷಯ. ಕರ್ನಾಟಕದಲ್ಲಿ ಅದನ್ನು ವಿಧಿಸುವುದು 1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಕಾಯ್ದೆ. ಸ್ವಂತ ಬಳಕೆಯ ಕಾರಿಗೆ ನೋಂದಣಿಯ ಸಮಯದಲ್ಲಿಯೇ ಜೀವಿತಾವಧಿ ತೆರಿಗೆ ಕಟ್ಟಬೇಕು. ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕಿಂತ ಹೆಚ್ಚಿದ್ದರೆ ಶೇ 18ರ ದರ ಜಾರಿಗೆ ಬಂದಿದೆ. ಇದರ ಮೇಲೆ ಉಪಕರ ಪ್ರತ್ಯೇಕ. ದೇಶದಲ್ಲಿ ಹೆಚ್ಚು ದರ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು.

ಮಾಜಿ ಸೈನಿಕ ಎಂಬ ಒಂದೇ ಕಾರಣಕ್ಕೆ ಈ ತೆರಿಗೆ ಮನ್ನಾ ಆಗುವುದಿಲ್ಲ. ಯಾವುದೇ ವರ್ಗದ ವಾಹನ ಅಥವಾ ವ್ಯಕ್ತಿಗಳಿಗೆ ಅಧಿಸೂಚನೆಯ ಮೂಲಕ ವಿನಾಯಿತಿ ನೀಡುವ ಅಧಿಕಾರವನ್ನು ಕಾಯ್ದೆಯ 16ನೇ ಕಲಂ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಅಂಗವಿಕಲರ ಬಳಕೆಗೆ ರೂಪಿಸಿದ ವಾಹನಗಳಿಗೆ ವಿನಾಯಿತಿ ದೊರೆತಿರುವುದು ಇಂತಹ ಕ್ರಮದಿಂದಲೇ. ‘ತೆರಿಗೆ ಇಲ್ಲ’ ಎಂದು ಹೇಳುವ ಮಧ್ಯವರ್ತಿಯನ್ನು, ಯಾವ ಅಧಿಸೂಚನೆ, ಯಾವ ದಿನಾಂಕ ಎಂದು ಕೇಳುವುದೇ ಸರಿಯಾದ ದಾರಿ.

ಹಾಗಾದರೆ ‘ಮಿಲಿಟರಿಯವರಿಗೆ ಕಾರು ಅಗ್ಗ’ ಎಂಬ ಮಾತು ಎಲ್ಲಿಂದ ಬಂತು? ಅದರ ಮೂಲ ಕ್ಯಾಂಟೀನ್.

ಕ್ಯಾಂಟೀನ್ ಕಾರಿನ ಲೆಕ್ಕ

ರಕ್ಷಣಾ ಸಚಿವಾಲಯದ ಅಧೀನದಲ್ಲಿರುವ, ಮುಂಬೈನಲ್ಲಿ ಪ್ರಧಾನ ಕಚೇರಿ ಹೊಂದಿರುವ ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ಮೂಲಕ ಸೇವೆಯಲ್ಲಿರುವ ಯೋಧರು, ನಿವೃತ್ತರು ಮತ್ತು ಮೃತ ಯೋಧರ ಪತ್ನಿಯರು ಅರ್ಹತೆಯಂತೆ ಕಾರು, ದ್ವಿಚಕ್ರ ವಾಹನ ಕೊಳ್ಳಬಹುದು. ಈ ಇಲಾಖೆಯ ಖರೀದಿಗೆ ವಿಧಿಸಿದ ಜಿಎಸ್‌ಟಿಯಲ್ಲಿ ಅರ್ಧದಷ್ಟನ್ನು ಮರುಪಾವತಿ ಪಡೆಯಲು 2017ರಿಂದ ಅವಕಾಶವಿದೆ. ಬೆಲೆ ಇಳಿಯುವುದಕ್ಕೆ ಮುಖ್ಯ ಕಾರಣ ಇದೇ.

ಒಂದು ಉದಾಹರಣೆ ನೋಡೋಣ. ಜಿಎಸ್‌ಟಿ ಹೊರತುಪಡಿಸಿ 6 ಲಕ್ಷ ರೂಪಾಯಿ ಬೆಲೆಯ ಸಣ್ಣ ಕಾರು ಎಂದಿಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಆ ದರದಲ್ಲಿ ತೆರಿಗೆ 1,08,000 ರೂಪಾಯಿ. ಅದರ ಅರ್ಧ 54,000 ರೂಪಾಯಿ ಕ್ಯಾಂಟೀನ್ ಗ್ರಾಹಕರಿಗೆ ಉಳಿಯುತ್ತದೆ. ಹಿಂದಿನ ಶೇ 28ರ ದರದಲ್ಲಿ ಇದೇ ಉಳಿತಾಯ 84,000 ರೂಪಾಯಿಯಷ್ಟಿತ್ತು. ಎಲ್ಲರಿಗೂ ತೆರಿಗೆ ಇಳಿದಿರುವುದರಿಂದ ಕ್ಯಾಂಟೀನ್ ಮತ್ತು ಹೊರಗಿನ ಬೆಲೆಯ ಅಂತರವೂ ಕಿರಿದಾಗಿದೆ. ಆದ್ದರಿಂದ ಕ್ಯಾಂಟೀನ್ ದರ ಮತ್ತು ಮಾರಾಟಗಾರರು ಹೊರಗೆ ಕೊಡುವ ರಿಯಾಯಿತಿ ಎರಡನ್ನೂ ಹೋಲಿಸಿ ನೋಡುವುದು ಲೇಸು.

ಕಾರಿನ ಬೆಲೆ, ಎಂಜಿನ್ ಸಾಮರ್ಥ್ಯ ಮತ್ತು ಎಷ್ಟು ವರ್ಷಕ್ಕೊಮ್ಮೆ ಕೊಳ್ಳಬಹುದು ಎಂಬುದಕ್ಕೆ ಹುದ್ದೆಯ ಆಧಾರದ ಮೇಲೆ ಮಿತಿಗಳಿವೆ. 2019ರಲ್ಲಿ ಈ ಮಿತಿಗಳನ್ನು ಬಿಗಿಗೊಳಿಸಲಾಯಿತು. ಮುಂಗಡ ನೀಡುವ ಮೊದಲು ತಮ್ಮ ಹುದ್ದೆಗೆ ಅನ್ವಯವಾಗುವ ಮಿತಿಯನ್ನು ನೋಡಿಕೊಳ್ಳಬೇಕು. ಕಾರು, ಬೈಕ್‌ನಂತಹ ದೊಡ್ಡ ಸರಕುಗಳನ್ನು ಆನ್‌ಲೈನ್‌ನಲ್ಲಿಯೇ ಕೊಳ್ಳುವ ಜಾಲತಾಣ 2021ರ ಜನವರಿಯಲ್ಲಿ ಆರಂಭವಾಯಿತು. ಹಳ್ಳಿಯಲ್ಲಿರುವವರು ಡಿಪೊಗೆ ಅಲೆಯುವುದು ಅದರಿಂದ ಕಡಿಮೆಯಾಗಿದೆ.

ಇಷ್ಟಾದರೂ ರಾಜ್ಯದ ಜೀವಿತಾವಧಿ ತೆರಿಗೆ ಉಳಿಯುತ್ತದೆ. ಮೇಲಿನ ಕಾರಿಗೆ ಕ್ಯಾಂಟೀನ್ ಬಿಲ್‌ನ 6,54,000 ರೂಪಾಯಿ ಮೇಲೆ ಶೇ 14ರಂತೆ ಲೆಕ್ಕ ಹಾಕಿದರೆ 91,560 ರೂಪಾಯಿ. ಹೊರಗಿನ ಬೆಲೆಯಾದ 7,08,000 ರೂಪಾಯಿ ಮೇಲೆ ಹಾಕಿದರೆ 99,120 ರೂಪಾಯಿ. ವ್ಯತ್ಯಾಸ 7,560 ರೂಪಾಯಿ. ತೆರಿಗೆಯನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕಲಾಗಿದೆ ಎಂಬುದನ್ನು ಹಣ ಪಾವತಿಸುವ ಮೊದಲೇ ಮಾರಾಟಗಾರರಿಂದ ಬರಹದಲ್ಲಿ ಪಡೆಯುವುದು ಒಳ್ಳೆಯದು. ಒಮ್ಮೆ ಖಜಾನೆಗೆ ಹೋದ ಹಣವನ್ನು ಮರಳಿ ಪಡೆಯುವುದು ದೀರ್ಘ ದಾರಿ.

ಹೊರರಾಜ್ಯದ ನಂಬರ್ ಪ್ಲೇಟ್

ಪುಣೆಯಲ್ಲೋ ಸಿಕಂದರಾಬಾದಿನಲ್ಲೋ ಕೊಂಡ ಕಾರನ್ನು ನಿವೃತ್ತಿಯ ನಂತರ ಊರಿಗೆ ತಂದವರ ಮುಂದಿರುವ ಪ್ರಶ್ನೆ ಇನ್ನೊಂದು. ಅಲ್ಲಿ ಈಗಾಗಲೇ ಪೂರ್ಣ ತೆರಿಗೆ ಕಟ್ಟಿದ್ದರೂ ಇಲ್ಲಿ ಮತ್ತೆ ಕಟ್ಟಬೇಕೇ? ಕಾಯಂ ಆಗಿ ಇಲ್ಲಿಯೇ ಇರುವುದಾದರೆ, ಹೌದು.

ಮೋಟಾರು ವಾಹನಗಳ ಕಾಯ್ದೆಯ 47ನೇ ಕಲಂ ಪ್ರಕಾರ ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇರಿಸಿಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಕರ್ನಾಟಕ ಸರ್ಕಾರ 2014ರಲ್ಲಿ ತನ್ನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, 30 ದಿನ ಮೀರಿದ ಹೊರರಾಜ್ಯದ ವಾಹನಗಳಿಂದಲೇ ಜೀವಿತಾವಧಿ ತೆರಿಗೆ ವಸೂಲು ಮಾಡಲು ಮುಂದಾಗಿತ್ತು. ವರ್ಗಾವಣೆಯ ಮೇಲೆ ಬೆಂಗಳೂರಿಗೆ ಬಂದ ನೌಕರರು, ಯೋಧರು ಸೇರಿದಂತೆ ಅನೇಕರು ಇದರ ಬಿಸಿ ಅನುಭವಿಸಿದರು. 2016ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಪಡಿಸಿತು.

ನಿವೃತ್ತ ಯೋಧರು ಅನುಸರಿಸಬೇಕಾದ ಕ್ರಮ ಹೀಗಿದೆ. ವಾಹನ ನೋಂದಣಿಯಾದ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಸಾಲ ಬಾಕಿ ಇದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಅದರೊಂದಿಗೆ ಇಲ್ಲಿಯ ಕಚೇರಿಗೆ ನಮೂನೆ 27ರಲ್ಲಿ ಅರ್ಜಿ ಸಲ್ಲಿಸಬೇಕು. ಇಲ್ಲಿ ಕಟ್ಟಬೇಕಾದ ತೆರಿಗೆ ಹೊಸ ವಾಹನದಷ್ಟಿರುವುದಿಲ್ಲ. ವಾಹನದ ವಯಸ್ಸು ಹೆಚ್ಚಿದಂತೆ ದರ ಇಳಿಯುತ್ತದೆ. ಹಾಗೆಯೇ ಮೊದಲಿನ ರಾಜ್ಯದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಅಲ್ಲಿಯ ನಿಯಮದಂತೆ ಮರಳಿ ಕೇಳಬೇಕು. ಅದಕ್ಕೆ ಮೂಲ ತೆರಿಗೆ ರಸೀದಿ ಮತ್ತು ಇಲ್ಲಿ ಹೊಸದಾಗಿ ನೋಂದಣಿಯಾದ ದಾಖಲೆ ಮುಖ್ಯ. ನಿರಾಕ್ಷೇಪಣಾ ಪತ್ರವನ್ನು ಆ ಊರು ಬಿಡುವ ಮೊದಲೇ ಪಡೆದರೆ ಮತ್ತೊಮ್ಮೆ ಸಾವಿರ ಕಿಲೋಮೀಟರ್ ಪ್ರಯಾಣ ತಪ್ಪುತ್ತದೆ.

ವಾಹನ ರಾಜ್ಯಕ್ಕೆ ಯಾವಾಗ ಬಂತು ಎಂಬ ಪ್ರಶ್ನೆ ಎದ್ದರೆ ಬಿಡುಗಡೆ ಆದೇಶದ ದಿನಾಂಕ, ರೈಲು ಅಥವಾ ಸಾಗಣೆ ಸಂಸ್ಥೆಯ ರಸೀದಿ, ಫಾಸ್ಟ್ಯಾಗ್ ವಿವರ ಇವು ಸಾಕ್ಷ್ಯವಾಗಬಲ್ಲವು.

ಸೇವೆಯಲ್ಲಿರುವವರಿಗೆ ಈ ತೊಡಕಿನಿಂದ ಪಾರಾಗಲು ‘ಬಿಎಚ್’ ಸರಣಿಯ ನೋಂದಣಿ ಇದೆ. ಕೇಂದ್ರ ಸರ್ಕಾರ ಇದನ್ನು 2021ರ ಸೆಪ್ಟೆಂಬರ್ 15ರಿಂದ ಜಾರಿಗೆ ತಂದಿತು. ರಕ್ಷಣಾ ಸಿಬ್ಬಂದಿ ಅರ್ಹರ ಪಟ್ಟಿಯಲ್ಲಿದ್ದಾರೆ. ಒಂದೇ ಸಲ ಜೀವಿತಾವಧಿ ತೆರಿಗೆ ಕಟ್ಟುವ ಬದಲು ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟುವ ವ್ಯವಸ್ಥೆ ಅದು. ರಾಜ್ಯ ಬದಲಾದಾಗ ಹೊಸ ನೋಂದಣಿ ಬೇಕಿಲ್ಲ. ಆದರೆ ಇದು ಸೇವೆಯಲ್ಲಿರುವವರ ಸೌಲಭ್ಯ. ಪಿಂಚಣಿದಾರ ಎಂಬ ನೆಲೆಯಲ್ಲಿ ಹೊಸ ಕಾರಿಗೆ ಬಿಎಚ್ ಸಂಖ್ಯೆ ಕೇಳಲಾಗದು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದು, ಊರಿನಲ್ಲಿಯೇ ನೆಲೆಸುವ ಯೋಚನೆ ಇರುವವರು ಕಾರನ್ನು ಊರಿನ ವಿಳಾಸದಲ್ಲಿಯೇ ನೋಂದಾಯಿಸುವುದು ಸರಳ.

ಅಂಗವೈಕಲ್ಯ ಹೊಂದಿದ ಯೋಧರು

ಕರ್ತವ್ಯದಲ್ಲಿ ಕೈಕಾಲು ಕಳೆದುಕೊಂಡವರಿಗೆ ಕಾನೂನು ಹೆಚ್ಚಿನ ನೆರವು ಕೊಡುತ್ತದೆ. 2019ರ ತಿದ್ದುಪಡಿಯಿಂದ ‘ಮಾರ್ಪಡಿಸಿದ ವಾಹನ’ ಎಂಬ ಪ್ರತ್ಯೇಕ ವರ್ಗ ಕಾಯ್ದೆಯಲ್ಲಿ ಸೇರಿದೆ. ಕಾರ್ಖಾನೆಯಲ್ಲಿಯೇ ಹಾಗೆ ತಯಾರಾದ ವಾಹನ ಮಾತ್ರವಲ್ಲ, ನಂತರ ಅನುಮತಿ ಪಡೆದು ಬದಲಾಯಿಸಿದ ವಾಹನವೂ ಈ ವರ್ಗಕ್ಕೆ ಬರುತ್ತದೆ. ಅದಕ್ಕೆಂದೇ ಪರವಾನಗಿ ಪಡೆಯಬಹುದು.

2020ರ ಅಕ್ಟೋಬರ್‌ನಲ್ಲಿ ನೋಂದಣಿ ಅರ್ಜಿಯಾದ ನಮೂನೆ 20ಕ್ಕೆ ತಿದ್ದುಪಡಿಯಾಗಿ, ಮಾಲೀಕತ್ವದ ಬಗೆಯಲ್ಲಿ ‘ದಿವ್ಯಾಂಗಜನ’ ಎಂದು ನಮೂದಿಸಲು ಅವಕಾಶ ಬಂತು. ಈ ನಮೂದು ಇಲ್ಲದಿದ್ದರೆ ಮುಂದೆ ತೆರಿಗೆ, ಟೋಲ್ ವಿನಾಯಿತಿ ಕೇಳುವಾಗ ತೊಂದರೆಯಾಗುತ್ತದೆ. ಮೂಳೆ ಸಂಬಂಧಿ ಅಂಗವೈಕಲ್ಯ ಇರುವವರಿಗೆ ಸಣ್ಣ ಕಾರಿನ ಮೇಲೆ ಶೇ 18ರ ರಿಯಾಯಿತಿ ಜಿಎಸ್‌ಟಿ ಇತ್ತು. 2025ರಲ್ಲಿ ಆ ದರವೇ ಎಲ್ಲರಿಗೂ ಅನ್ವಯವಾದ್ದರಿಂದ ಸಣ್ಣ ಕಾರಿನ ಮಟ್ಟಿಗೆ ಆ ರಿಯಾಯಿತಿಗೆ ಅರ್ಥ ಉಳಿದಿಲ್ಲ.

ಸೇವೆಯ ನಂತರ ಶೇ 50 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯಕ್ಕೆ ತುತ್ತಾದ ಮಾಜಿ ಸೈನಿಕರಿಗೆ ಮಾರ್ಪಡಿಸಿದ ಸ್ಕೂಟರ್ ಕೊಳ್ಳಲು ಕೇಂದ್ರೀಯ ಸೈನಿಕ ಮಂಡಳಿಯ ನೆರವಿನ ಯೋಜನೆ ಇದೆ. ಅರ್ಜಿಯನ್ನು ತಮ್ಮ ಜಿಲ್ಲೆಯ ವ್ಯಾಪ್ತಿ ಹೊಂದಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯ ಮೂಲಕ ಸಲ್ಲಿಸಬೇಕು.

ಟೋಲ್ ಗೇಟಿನಲ್ಲಿ

ದಾವಣಗೆರೆ ಬಳಿಯ ಹೆಬ್ಬಾಳು ಟೋಲ್ ಸೇರಿದಂತೆ ಹೆದ್ದಾರಿಗಳಲ್ಲಿ ವಾಗ್ವಾದಕ್ಕೆ ಕಾರಣವಾಗಬಹುದಾದ ವಿಷಯ ಇದು. 1901ರ ಭಾರತೀಯ ಟೋಲ್ (ಸೇನೆ ಮತ್ತು ವಾಯುಪಡೆ) ಕಾಯ್ದೆ ವಿನಾಯಿತಿ ಕೊಡುವುದು ಕರ್ತವ್ಯದ ಮೇಲಿರುವ ಸಿಬ್ಬಂದಿಗೆ. ನಿವೃತ್ತರಿಗೆ ಅದು ಅನ್ವಯಿಸುವುದಿಲ್ಲ. ಗುರುತಿನ ಚೀಟಿ ತೋರಿಸಿದರೂ, ಗಾಜಿನ ಮೇಲೆ ‘ಮಾಜಿ ಸೈನಿಕ’ ಎಂಬ ಸ್ಟಿಕ್ಕರ್ ಇದ್ದರೂ ಶುಲ್ಕ ಕಟ್ಟಬೇಕು.

ಇದಕ್ಕೆ ಒಂದು ಗೌರವದ ಅಪವಾದವಿದೆ. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ ಪರಮವೀರ ಚಕ್ರ, ಅಶೋಕ ಚಕ್ರ, ಮಹಾವೀರ ಚಕ್ರ, ಕೀರ್ತಿ ಚಕ್ರ, ವೀರ ಚಕ್ರ ಮತ್ತು ಶೌರ್ಯ ಚಕ್ರ ಪುರಸ್ಕೃತರು ಅಧಿಕೃತ ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಿದರೆ ಶುಲ್ಕವಿಲ್ಲ. ಅಂಗವಿಕಲರ ಬಳಕೆಗೆಂದು ವಿಶೇಷವಾಗಿ ರೂಪಿಸಿದ ವಾಹನಕ್ಕೂ ವಿನಾಯಿತಿ ಇದೆ. ಉಳಿದವರು ಹೆಚ್ಚು ಓಡಾಡುವುದಾದರೆ, ಸ್ವಂತ ಬಳಕೆಯ ಕಾರುಗಳಿಗೆ 2025ರ ಆಗಸ್ಟ್ 15ರಂದು 3,000 ರೂಪಾಯಿ ದರದಲ್ಲಿ ಆರಂಭವಾದ, 200 ಬಾರಿ ಅಥವಾ ಒಂದು ವರ್ಷದ ಮಿತಿಯ ಫಾಸ್ಟ್ಯಾಗ್ ವಾರ್ಷಿಕ ಪಾಸಿನ ಬಗ್ಗೆ ವಿಚಾರಿಸಬಹುದು.

ಯೋಧನ ನಂತರ

ವಾಹನದ ಮಾಲೀಕ ತೀರಿಕೊಂಡಾಗ ಕುಟುಂಬದವರು 30 ದಿನಗಳೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು. ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಹೆಸರು ವರ್ಗಾವಣೆಗೆ ಅರ್ಜಿ ಹಾಕಬೇಕು. ದುಃಖದ ನಡುವೆ ಈ ಅವಧಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಕಳೆದುಹೋಗುತ್ತದೆ. ಸತ್ತವರ ಹೆಸರಿನಲ್ಲಿಯೇ ಓಡುತ್ತಿರುವ ವಾಹನ ಅಪಘಾತಕ್ಕೀಡಾದರೆ ವಿಮೆಯ ಹಣ ಪಡೆಯುವುದು ಕಷ್ಟ. 2021ರಿಂದ ನೋಂದಣಿಯ ಸಮಯದಲ್ಲಿಯೇ ನಾಮನಿರ್ದೇಶಿತರ ಹೆಸರು ಸೇರಿಸಲು ಅವಕಾಶವಿದೆ. ಈಗಾಗಲೇ ವಾಹನ ಇರುವವರೂ ಅದನ್ನು ಸೇರಿಸಿಕೊಳ್ಳಬಹುದು.

ಊರಿಗೆ ಹೊರಡುವ ಮುನ್ನ

ಬಿಡುಗಡೆಯಾಗುವ ಯೋಧರು ಘಟಕದಿಂದ ಹೊರಡುವ ಮುನ್ನ ಜೋಪಾನ ಮಾಡಬೇಕಾದ ಕಾಗದಗಳು ಇವು:

* ಸೇನಾ ಚಾಲನಾ ಪರವಾನಗಿಯ ಮೂಲ ಪ್ರತಿ ಅಥವಾ ಘಟಕದ ಅಧಿಕಾರಿ ದೃಢೀಕರಿಸಿದ ನಕಲು. ಅದರಲ್ಲಿ ವಾಹನದ ವರ್ಗ ಸ್ಪಷ್ಟವಾಗಿ ನಮೂದಾಗಿರಬೇಕು.
* ಬಿಡುಗಡೆ ಪುಸ್ತಕ ಮತ್ತು ಪಿಂಚಣಿ ಪಾವತಿ ಆದೇಶ.
* ಹೊರರಾಜ್ಯದ ವಾಹನವಿದ್ದರೆ ನಿರಾಕ್ಷೇಪಣಾ ಪತ್ರ, ಮೂಲ ತೆರಿಗೆ ರಸೀದಿ, ಬ್ಯಾಂಕಿನ ಒಪ್ಪಿಗೆ ಪತ್ರ.
* ಅಂಗವೈಕಲ್ಯವಿದ್ದರೆ ಶೇಕಡಾವಾರು ನಮೂದಿಸಿದ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ.
* ಊರಿನ ವಿಳಾಸ ಇರುವ ಆಧಾರ್. ಹಳೆಯ ಕಂಟೋನ್ಮೆಂಟ್ ವಿಳಾಸವಿದ್ದರೆ ಮೊದಲು ಅದನ್ನು ಬದಲಿಸಬೇಕು.

ತೆರಿಗೆಯ ವಿಷಯದಲ್ಲಿ ಮಾಜಿ ಸೈನಿಕರಿಗೆ ದೊರೆಯುವುದು ಜನ ಅಂದುಕೊಂಡಿರುವುದಕ್ಕಿಂತ ಕಡಿಮೆ. ಪರವಾನಗಿಯ ವಿಷಯದಲ್ಲಿ ದೊರೆಯುವುದು ಅವರು ಅಂದುಕೊಂಡಿರುವುದಕ್ಕಿಂತ ಹೆಚ್ಚು. ಕಾರಿನ ಮೇಲೆ ಉಳಿಯುವ ಕೆಲವು ಸಾವಿರ ರೂಪಾಯಿ ಒಮ್ಮೆ ಸಿಗುವ ಲಾಭ. ಭಾರಿ ವಾಹನದ ಪರವಾನಗಿ ಮುಂದಿನ ಇಪ್ಪತ್ತು ವರ್ಷಗಳ ದುಡಿಮೆ. ಬಿಡುಗಡೆಯ ದಿನ ಪೆಟ್ಟಿಗೆ ಕಟ್ಟುವಾಗ ಆ ಸಣ್ಣ ಪುಸ್ತಿಕೆ ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ.